ಬಿಯರ್ ಎಷ್ಟು ತಣ್ಣಗಿರಬೇಕು? ನಿಮ್ಮ ನಾಲಿಗೆಗೆ ಒಪ್ಪುವ ಡಿಗ್ರಿ ಹುಡುಕಲು ಸಮಗ್ರ ಮಾರ್ಗದರ್ಶಿ

ನಮ್ಮ ಕಡೆ ಬಾರಿನಲ್ಲಿ ಕೂತು ಬಿಯರ್ ಹೇಳಿದರೆ ಸಪ್ಲೈಯರ್ ಕೇಳುವುದು ಒಂದೇ ಮಾತು: "ಚಿಲ್ಡಾ, ನಾರ್ಮಲ್ಲಾ ಸಾರ್?" ಹೆಚ್ಚಿನವರು ಯೋಚನೆಯನ್ನೇ ಮಾಡದೆ ಚಿಲ್ಡ್ ಅನ್ನುತ್ತಾರೆ. ಗಂಟಲು ಕೆಟ್ಟವರು ನಾರ್ಮಲ್ ಅನ್ನುತ್ತಾರೆ. ಇನ್ನು ಕೆಲವರು "ಕೂಲಿಂಗ್ ಸ್ವಲ್ಪ ಕಮ್ಮಿ ಇರೋದು ಕೊಡಿ" ಅಂತ ಕೇಳಿ ಸಪ್ಲೈಯರ್‌ಗೆ ತಲೆಬಿಸಿ ಮಾಡುತ್ತಾರೆ. ಈ ಮೂರನೇ ಗುಂಪಿನವರ ಮೇಲೆ ನನಗೆ ಗೌರವ ಜಾಸ್ತಿ. ತಮಗೆ ಏನು ಬೇಕು ಅಂತ ಅವರಿಗೆ ಗೊತ್ತಿದೆ.

ಇದೇ ಪ್ರಶ್ನೆಯನ್ನು ನೈರೋಬಿಯ ಬಾರಿನಲ್ಲೂ ಕೇಳುತ್ತಾರೆ. ಅಲ್ಲಿ ತಣ್ಣಗಿಲ್ಲದ ಟಸ್ಕರ್ ಬಿಯರನ್ನೇ ಬೇಕೆಂದು ಕೇಳಿ ಕುಡಿಯುವವರು ಬೇಕಾದಷ್ಟು ಜನ ಇದ್ದಾರೆ. ಇಂಗ್ಲೆಂಡಿನ ಪಬ್ಬಿನಲ್ಲಿ ಏಲ್ ಎಂಬ ಜಾತಿಯ ಬಿಯರನ್ನು 12 ಡಿಗ್ರಿಯಲ್ಲಿ ಕೊಡುತ್ತಾರೆ. ಜಪಾನಿನಲ್ಲಿ ಸೊನ್ನೆಗಿಂತ ಕೆಳಗೆ ಇಳಿಸಿದ ಬಿಯರ್ ಸಿಗುತ್ತದೆ. ಇವರಲ್ಲಿ ಯಾರು ಸರಿ ಅಂತ ಜಗಳ ಆಡುವುದರಲ್ಲಿ ಅರ್ಥವಿಲ್ಲ. ಒಂದೊಂದು ಊರಿನ ಡಿಗ್ರಿಯ ಹಿಂದೆ ಅಲ್ಲಿನ ಹವೆ, ಅಲ್ಲಿನ ಬಿಯರ್, ಅಲ್ಲಿನ ನೆಲಮಾಳಿಗೆ ಇದೆ. ಅದು ತಿಳಿದರೆ ನಿಮ್ಮ ಮನೆಯ ಫ್ರಿಡ್ಜ್ ಮುಂದೆ ನಿಂತು ನಿಮ್ಮ ಡಿಗ್ರಿಯನ್ನು ನೀವೇ ಗೊತ್ತುಮಾಡಿಕೊಳ್ಳಬಹುದು.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಅಡುಗೆಗೆ ಬಳಸುವ, ಚುಚ್ಚಿ ನೋಡುವ ಡಿಜಿಟಲ್ ಥರ್ಮಾಮೀಟರ್ ಒಂದು. ಬಕೆಟ್, ಐಸ್, ಒಂದು ಹಿಡಿ ಕಲ್ಲುಪ್ಪು. ಚೆನ್ನಾಗಿ ತೊಳೆದ ಗಾಜಿನ ಲೋಟಗಳು. ಕೆಳಗೆ ಡಿಗ್ರಿ ಅಂದಲ್ಲೆಲ್ಲ ಸೆಲ್ಸಿಯಸ್ ಅಂತಲೇ ತಿಳಿಯಿರಿ.

ಹೆಜ್ಜೆ 1: ತಣ್ಣಗಾದಾಗ ರುಚಿಗೆ ಏನಾಗುತ್ತದೆ ಅಂತ ತಿಳಿದುಕೊಳ್ಳಿ

ಮೊದಲು ಹೋಗುವುದು ಪರಿಮಳ. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ನಿಂಬೆ ವಾಸನೆ, ಗೋಧಿ ಬಿಯರಿನ ಬಾಳೆಹಣ್ಣು ಮತ್ತು ಲವಂಗದ ವಾಸನೆ, ಸ್ಟೌಟ್ ಎಂಬ ಕಪ್ಪು ಬಿಯರಿನ ಹುರಿದ ಕಾಫಿ ವಾಸನೆ, ಇವೆಲ್ಲ ಬಿಯರಿನಿಂದ ಆವಿಯಾಗಿ ಮೂಗಿಗೆ ಬಂದರೆ ಮಾತ್ರ ಗೊತ್ತಾಗುತ್ತವೆ. 2–3 ಡಿಗ್ರಿಯಲ್ಲಿ ಆ ಆವಿ ಏಳುವುದೇ ಕಡಿಮೆ.

ಆಮೇಲೆ ಸಿಹಿ. ನಮ್ಮ ನಾಲಿಗೆಯಲ್ಲಿ ಸಿಹಿ ತಿಳಿಸುವ ಜೀವಕೋಶಗಳಲ್ಲಿ ಟಿಆರ್‌ಪಿಎಂ5 ಎಂಬ ಒಂದು ಬಾಗಿಲಿದೆ. ಬಿಸಿ ಹೆಚ್ಚಿದಂತೆ ಅದು ಜಾಸ್ತಿ ತೆರೆಯುತ್ತದೆ, ತಣ್ಣಗಾದಂತೆ ಮಂಕಾಗುತ್ತದೆ. 2005ರಲ್ಲಿ ವಿಜ್ಞಾನಿಗಳು ಇದನ್ನು ತೋರಿಸಿದರು. ಕರಗಿದ ಐಸ್‌ಕ್ರೀಮ್ ವಿಪರೀತ ಸಿಹಿ ಅನಿಸುತ್ತದಲ್ಲ, ಕಾರಣ ಇದೇ. ಬಿಯರಿನಲ್ಲಿರುವ ಮಾಲ್ಟಿನ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ) ಸಿಹಿಗೂ ಇದೇ ಗತಿ. ಸಿಹಿ ತಗ್ಗಿದಾಗ ಉಳಿದ ರುಚಿ ಚುರುಕಾಗಿ, ಖಡಕ್ಕಾಗಿ ಕಾಣುತ್ತದೆ. ನಾವು "ರಿಫ್ರೆಶಿಂಗ್" ಅನ್ನುವುದರಲ್ಲಿ ಅರ್ಧ ಇದೇ.

ಮೂರನೆಯದು ಗ್ಯಾಸ್. ಸಾಮಾನ್ಯ ಒತ್ತಡದಲ್ಲಿ 0 ಡಿಗ್ರಿಯ ಒಂದು ಲೀಟರ್ ನೀರು ಸುಮಾರು 1.7 ಲೀಟರ್ ಕಾರ್ಬನ್ ಡೈಆಕ್ಸೈಡ್ ಹಿಡಿದುಕೊಳ್ಳುತ್ತದೆ. 20 ಡಿಗ್ರಿಯಲ್ಲಿ ಅದು 0.9 ಲೀಟರಿಗೆ ಇಳಿಯುತ್ತದೆ. ಬಾಟಲಿ ಬಿಯರಿನಲ್ಲಿ ಒತ್ತಡದಿಂದ ತುಂಬಿದ ಗ್ಯಾಸ್ ಲೀಟರಿಗೆ ಸುಮಾರು ಎರಡೂವರೆ ಲೀಟರ್ ಇರುತ್ತದೆ. ಹಾಗಾಗಿ ನಾರ್ಮಲ್ ಬಾಟಲಿ ತೆರೆದರೆ ನೊರೆ ಉಕ್ಕಿ ಟೇಬಲ್ ಮೇಲೆ ಹರಿಯುತ್ತದೆ, ಆಮೇಲೆ ಲೋಟದಲ್ಲಿ ಉಳಿಯುವುದು ಸಪ್ಪೆ ಬಿಯರ್. ತಣ್ಣಗಿನದ್ದರಲ್ಲಿ ಗ್ಯಾಸ್ ಒಳಗೇ ಇದ್ದು ನಾಲಿಗೆಯ ಮೇಲೆ ಚುಚ್ಚುತ್ತದೆ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ತಣ್ಣಗಿನ ಬಿಯರಿನಲ್ಲಿ ಆಲ್ಕೋಹಾಲಿನ ಸುಡುವ ಗುಣ ಅಡಗಿಕೊಳ್ಳುತ್ತದೆ. 8% ಸ್ಟ್ರಾಂಗ್ ಬಿಯರಿನ 650 ಮಿಲಿ ಬಾಟಲಿಯಲ್ಲಿ 52 ಮಿಲಿ ಶುದ್ಧ ಆಲ್ಕೋಹಾಲ್ ಇರುತ್ತದೆ. 5% ಬಿಯರಿನಲ್ಲಿ 32 ಮಿಲಿ ಚಿಲ್ಲರೆ. ನಾರ್ಮಲ್ ಆಗಿದ್ದರೆ ಸ್ಟ್ರಾಂಗ್ ಬಿಯರ್ ತಾನೇ ನಿಮ್ಮ ವೇಗ ತಗ್ಗಿಸುತ್ತದೆ. ಐಸ್ ತಣ್ಣಗಿದ್ದರೆ ನೀರಿನಂತೆ ಇಳಿದುಹೋಗುತ್ತದೆ. ಚಿಲ್ಡ್ ಸ್ಟ್ರಾಂಗ್ ಕುಡಿಯುವವರು ಈ ಲೆಕ್ಕ ನೆನಪಿಟ್ಟುಕೊಳ್ಳಿ. ಗಾಡಿ ಓಡಿಸುವವರ ಬಗ್ಗೆ ಹೇಳುವುದೇ ಬೇಡ.

ಹೆಜ್ಜೆ 2: ಕೈಯಲ್ಲಿರುವುದು ಯಾವ ಬಿಯರ್ ಅಂತ ನೋಡಿ

ಲೇಬಲ್ ಓದಿ. ಮುಂದೆ ಏನು ಬರೆದಿದೆ ಅನ್ನುವುದಕ್ಕಿಂತ ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಅನ್ನುವುದು ಮುಖ್ಯ. ಮಾಲ್ಟ್ ಜೊತೆಗೆ ಅಕ್ಕಿ, ಮೆಕ್ಕೆಜೋಳ ಅಥವಾ ಸಕ್ಕರೆ ಸೇರಿಸಿದ ಹಗುರ ಲಾಗರ್ (ತಂಪಿನಲ್ಲಿಟ್ಟು ಹದ ಮಾಡುವ ಬಿಯರ್) ಆದರೆ ಅದು ತಣ್ಣಗೆ ಕುಡಿಯಲೆಂದೇ ಹುಟ್ಟಿದ್ದು. ಅದನ್ನು 12 ಡಿಗ್ರಿಗೆ ತಂದರೆ ಯಾವ ಗುಪ್ತ ಪರಿಮಳವೂ ಹೊರಬರುವುದಿಲ್ಲ. ಬರುವುದು ಒದ್ದೆ ಧಾನ್ಯದ ವಾಸನೆ ಅಷ್ಟೇ. ನಮ್ಮ ವೈನ್ ಶಾಪುಗಳಲ್ಲಿ ಜಾಸ್ತಿ ಮಾರಾಟವಾಗುವುದು ಈ ಜಾತಿಯದ್ದೇ. ಹಾಗಾಗಿ "ಚಿಲ್ಡ್" ಅನ್ನುವ ನಮ್ಮ ಅಭ್ಯಾಸ ದಡ್ಡತನ ಅಲ್ಲ. ನಮ್ಮ ಬಿಯರಿಗೂ ಬಿಸಿಲಿಗೂ ಅದು ಸರಿಯಾಗಿಯೇ ಹೊಂದುತ್ತದೆ.

ತೊಂದರೆ ಶುರುವಾಗುವುದು ಅದೇ ಅಭ್ಯಾಸವನ್ನು ಎಲ್ಲ ಬಿಯರಿಗೂ ಹಚ್ಚಿದಾಗ. ಬೆಂಗಳೂರಿನಲ್ಲಿ 2010ರ ಆಸುಪಾಸಿನಿಂದ ಅಲ್ಲೇ ಬಿಯರ್ ತಯಾರಿಸಿ ಕೊಡುವ ಬ್ರೂಪಬ್‌ಗಳು ಬಂದವು. ಗೋಧಿ ಬಿಯರ್, ಅದರದ್ದೇ ಜಾತಿಯ ಬೆಲ್ಜಿಯನ್ ವಿಟ್, ಸ್ಟೌಟ್, ಹಾಪ್ಸ್ ಜಾಸ್ತಿ ಹಾಕಿದ ಐಪಿಎ ಎಲ್ಲ ಸಿಗತೊಡಗಿತು. ಅಲ್ಲಿ ಸ್ಟೌಟ್ ತರಿಸಿಕೊಂಡು "ಸಾಕಷ್ಟು ಕೂಲ್ ಇಲ್ಲ" ಅಂತ ವಾಪಸ್ ಕಳಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಶುರು ಮಾಡಲು ಒಂದು ಅಂದಾಜು ಇಲ್ಲಿದೆ. ಇವು ಲೋಟಕ್ಕೆ ಸುರಿದ ಮೇಲಿನ ಡಿಗ್ರಿಗಳು, ಫ್ರಿಡ್ಜಿನ ಒಳಗಿನವಲ್ಲ:

- ಹಗುರ ಲಾಗರ್, ಸ್ಟ್ರಾಂಗ್ ಬಿಯರ್: 2–5
- ಪಿಲ್ಸ್ನರ್, ಮ್ಯೂನಿಕ್ ಶೈಲಿಯ ಲಾಗರ್: 5–8
- ಗೋಧಿ ಬಿಯರ್, ವಿಟ್: 5–8
- ಪೇಲ್ ಏಲ್, ಐಪಿಎ: 7–10
- ಸ್ಟೌಟ್, ಪೋರ್ಟರ್: 8–13
- ಬೆಲ್ಜಿಯಂನ ಗಾಢ, ಗಟ್ಟಿ ಬಿಯರ್‌ಗಳು: 10–14
- ಇಂಗ್ಲೆಂಡಿನ ಕ್ಯಾಸ್ಕ್ (ಪೀಪಾಯಿ) ಏಲ್: 11–13

ಒಟ್ಟಿನಲ್ಲಿ ಬಣ್ಣ ಮತ್ತು ಆಲ್ಕೋಹಾಲ್ ಹೆಚ್ಚಿದಂತೆ ಡಿಗ್ರಿಯನ್ನೂ ಏರಿಸಬಹುದು. ನಮ್ಮ ಸ್ಟ್ರಾಂಗ್ ಬಿಯರ್ ಮಾತ್ರ ಈ ಲೆಕ್ಕಕ್ಕೆ ಸಿಗುವುದಿಲ್ಲ. ಅದರಲ್ಲಿ ಬೆಲ್ಜಿಯನ್ ಬಿಯರಿನಷ್ಟು ಆಲ್ಕೋಹಾಲ್ ಇದ್ದರೂ ಬೆಲ್ಜಿಯನ್ ಬಿಯರಿನ ಪರಿಮಳ ಇಲ್ಲ.

ಹೆಜ್ಜೆ 3: ಬೇರೆ ಊರಿನವರು ಯಾಕೆ ಹಾಗೆ ಕುಡಿಯುತ್ತಾರೆ ಅಂತ ನೋಡಿ

ಇದು ಸುಮ್ನೆ ಕತೆ ಅಂದುಕೊಂಡು ದಾಟಿಹೋಗಬೇಡಿ. ನಿಮ್ಮ ಡಿಗ್ರಿ ಹುಡುಕುವಾಗ ಇಲ್ಲಿಂದಲೇ ಉಪಾಯ ಸಿಗುವುದು.

ಇಂಗ್ಲೆಂಡಿನವರು "ಬೆಚ್ಚಗಿನ ಬಿಯರ್" ಕುಡಿಯುತ್ತಾರೆ ಅನ್ನುವುದು ಸುಳ್ಳು. ಅವರು ಕುಡಿಯುವುದು ನೆಲಮಾಳಿಗೆಯ ತಂಪಿನದ್ದು. ಕ್ಯಾಸ್ಕ್ ಏಲನ್ನು ಸೋಸದೆ, ಈಸ್ಟ್ ಜೀವಂತ ಇರುವಾಗಲೇ ಪೀಪಾಯಿಗೆ ತುಂಬಿ ಪಬ್ಬಿಗೆ ಕಳಿಸುತ್ತಾರೆ. ಕೊನೆಯ ಹದ ಬರುವುದು ಪಬ್ಬಿನ ಮಾಳಿಗೆಯಲ್ಲೇ. ಅಲ್ಲಿ 11ರಿಂದ 13 ಡಿಗ್ರಿ ಕಾಯ್ದುಕೊಳ್ಳಬೇಕು. ಅದಕ್ಕಿಂತ ತೀರಾ ತಣ್ಣಗಾದರೆ ಈಸ್ಟ್ ಮಲಗಿಬಿಡುತ್ತದೆ. ಜೊತೆಗೆ ಬಿಯರಿನ ಪ್ರೋಟೀನು ಮತ್ತು ಪಾಲಿಫಿನಾಲ್ ಎಂಬ ಒಗರು ಅಂಶಗಳು ಅಂಟಿಕೊಂಡು ಬಿಯರ್ ಮಬ್ಬಾಗುತ್ತದೆ. ಬೆಚ್ಚಗಾದರೆ ಬೇಗ ಕೆಡುತ್ತದೆ. ಪೀಪಾಯಿಗೆ ಗಾಳಿ ಆಡುವ ರಂಧ್ರ ಇರುವುದರಿಂದ ಗ್ಯಾಸ್ ಕೂಡ ಆ ಡಿಗ್ರಿಯಲ್ಲಿ ಎಷ್ಟು ನಿಲ್ಲುತ್ತದೋ ಅಷ್ಟೇ, ಅಂದರೆ ಲೀಟರಿಗೆ ಸುಮಾರು 1.1 ಲೀಟರ್. ನಮ್ಮ ಬಾಟಲಿಯ ಅರ್ಧಕ್ಕಿಂತ ಕಡಿಮೆ. ಚುಚ್ಚುವ ಗ್ಯಾಸ್ ಇಲ್ಲದ ಬಿಯರಿಗೆ ರುಚಿ ಬರಬೇಕಾದರೆ ಪರಿಮಳದಿಂದಲೇ ಬರಬೇಕು. ಪರಿಮಳ ಏಳಬೇಕಾದರೆ 12 ಡಿಗ್ರಿ ಬೇಕು. ಒಂದಕ್ಕೊಂದು ಹೇಗೆ ಕೊಂಡಿ ಹಾಕಿಕೊಂಡಿವೆ ನೋಡಿ. ಕಾರ್ಖಾನೆಯ ಗ್ಯಾಸ್ ತುಂಬಿದ ಬಿಯರ್ ಬಂದು ಈ ಪದ್ಧತಿ ಮೂಲೆಗೆ ಸರಿಯುತ್ತಿದ್ದಾಗ, 1971ರಲ್ಲಿ ಕುಡಿಯುವವರೇ ಸೇರಿ ಕ್ಯಾಮ್ರಾ ಎಂಬ ಸಂಘ ಕಟ್ಟಿ ಹೋರಾಡಿದರು. ಲಂಡನ್ನಿಗೋ ಮ್ಯಾಂಚೆಸ್ಟರಿಗೋ ಕೆಲಸಕ್ಕೆ ಹೋದ ನಮ್ಮ ಹುಡುಗರು ಮೊದಲ ಗುಟುಕಿಗೆ ಮುಖ ಕಿವುಚಿಕೊಳ್ಳುವುದು ಸಹಜ. ಲಾಗರಿನ ನಿರೀಕ್ಷೆ ಇಟ್ಟುಕೊಂಡು ಏಲ್ ಕುಡಿದರೆ ಇನ್ನೇನಾಗುತ್ತದೆ?

ಬವೇರಿಯಾದಲ್ಲಿ ತಂಪು ಅನ್ನುವುದು ಕಾನೂನಿನಿಂದಲೇ ಶುರುವಾಯಿತು. 1539ರಲ್ಲಿ ಅಲ್ಲಿನ ಆಡಳಿತ ಸೆಪ್ಟೆಂಬರ್ 29ರಿಂದ ಏಪ್ರಿಲ್ 23ರವರೆಗೆ ಮಾತ್ರ ಬಿಯರ್ ಕುದಿಸಬಹುದು ಅಂತ ಕಟ್ಟಳೆ ಮಾಡಿತು. ಬೇಸಿಗೆಯಲ್ಲಿ ಮಾಡಿದ ಬಿಯರ್ ಹುಳಿಯಾಗುತ್ತಿತ್ತು. ಬೇಸಿಗೆಗೆ ಬೇಕಾದ್ದನ್ನು ಮೊದಲೇ ಮಾಡಿ ಆಳವಾದ ಮಾಳಿಗೆಗಳಲ್ಲಿ, ಚಳಿಗಾಲದಲ್ಲಿ ಕೆರೆಗಳಿಂದ ಕೊಯ್ದು ತಂದ ಮಂಜುಗಡ್ಡೆಯ ಜೊತೆ ಇಡುತ್ತಿದ್ದರು. ಮಾಳಿಗೆಯ ಮೇಲಿನ ನೆಲ ಕಾಯದಿರಲಿ ಅಂತ ಅಗಲ ಎಲೆಯ ಚೆಸ್ಟ್‌ನಟ್ ಮರ ನೆಟ್ಟರು. ಆ ನೆರಳಿನಲ್ಲಿ ಜನ ಕೂತರು. ಅದೇ ಬಿಯರ್ ಗಾರ್ಡನ್. 1812ರಲ್ಲಿ ರಾಜ ಒಂದನೇ ಮ್ಯಾಕ್ಸಿಮಿಲಿಯನ್ ಅಲ್ಲಿ ಬಿಯರ್ ಮಾರಲು ಅನುಮತಿ ಕೊಟ್ಟ. ಊಟ ಮಾರುವಂತಿಲ್ಲ, ಬ್ರೆಡ್ ಮಾತ್ರ. ಬುತ್ತಿ ಕಟ್ಟಿಕೊಂಡು ಬಿಯರ್ ಗಾರ್ಡನ್ನಿಗೆ ಹೋಗುವ ರೂಢಿ ಮ್ಯೂನಿಕ್ಕಿನಲ್ಲಿ ಇವತ್ತಿಗೂ ಉಳಿದಿದೆ. ಆಮೇಲೆ 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಎಂಬ ಎಂಜಿನಿಯರ್ ಮ್ಯೂನಿಕ್ಕಿನ ಸ್ಪಾಟನ್ ಬ್ರೂವರಿಗಾಗಿ ತಂಪು ಮಾಡುವ ಯಂತ್ರ ಕಟ್ಟಿದ. ಇವತ್ತಿನ ಫ್ರಿಡ್ಜಿನ ಕತೆಯಲ್ಲಿ ಬಿಯರಿನ ಪಾಲು ಸಣ್ಣದಲ್ಲ.

ಇಷ್ಟೆಲ್ಲ ತಂಪಿನ ಹಿಂದೆ ಬಿದ್ದ ಅದೇ ಬವೇರಿಯಾದಲ್ಲಿ ಬಿಯರ್ ಬೆಚ್ಚಗೆ ಮಾಡುವ ಸಾಧನವೂ ಇದೆ. ಬಿಸಿನೀರು ತುಂಬಿದ ಲೋಹದ ಕೊಳವೆಯನ್ನು ಮಗ್ಗಿನೊಳಗೆ ಇಳಿಬಿಡುತ್ತಾರೆ. ಹೊಟ್ಟೆಗೆ ತಣ್ಣಗಿನದ್ದು ಒಗ್ಗದ ಹಿರಿಯರು ಇದನ್ನು ಕೇಳಿ ಪಡೆಯುತ್ತಿದ್ದರು. ನಮ್ಮ "ಕೂಲಿಂಗ್ ಕಮ್ಮಿ" ಗುಂಪಿನವರಿಗೆ ಅಲ್ಲಿ ನೆಂಟರಿದ್ದಾರೆ.

ಜೆಕ್ ದೇಶದ ಪಿಲ್ಸೆನ್‌ನಲ್ಲಿ 1842ರಲ್ಲಿ ಯೋಸೆಫ್ ಗ್ರೋಲ್ ಮಾಡಿದ ಬಂಗಾರದ ಬಣ್ಣದ ಲಾಗರೇ ಇಂದಿನ ಲೋಕದ ಮುಕ್ಕಾಲು ಬಿಯರ್‌ಗಳ ಅಜ್ಜ. ಆದರೆ ಊರಿನವರು ಅದನ್ನು ಮೊಮ್ಮಕ್ಕಳಷ್ಟು ತಣ್ಣಗೆ ಕುಡಿಯುವುದಿಲ್ಲ. 7 ಡಿಗ್ರಿ ಆಸುಪಾಸು, ಮೇಲೆ ದಪ್ಪ ಒದ್ದೆ ನೊರೆ.

ಸೆಕೆ ದೇಶಗಳಲ್ಲಿ ಮಾತು ಬೇರೆ. ಬ್ರೆಜಿಲ್‌ನಲ್ಲಿ ಬಾಟಲಿಯ ಮೇಲೆ ಬಿಳಿ ಮಂಜು ಹತ್ತಿರಬೇಕು. ಅದಕ್ಕೆ ಅವರು "ಮದುಮಗಳ ಸೆರಗು" ಅಂತ ಹೆಸರನ್ನೇ ಇಟ್ಟಿದ್ದಾರೆ. ಆಸ್ಟ್ರೇಲಿಯಾದಲ್ಲಿ ಬಾಟಲಿಗೆ ಫೋಮಿನ ಅಂಗಿ ತೊಡಿಸುತ್ತಾರೆ, ಬೆಚ್ಚಗಾಗುವ ಮೊದಲೇ ಮುಗಿಯಲಿ ಅಂತ 285 ಮಿಲಿಯ ಸಣ್ಣ ಲೋಟ ಕೇಳುವವರೂ ಇದ್ದಾರೆ. ವಿಯೆಟ್ನಾಂ, ಥಾಯ್ಲೆಂಡ್‌ಗಳಲ್ಲಿ ಲೋಟಕ್ಕೆ ನೇರ ಐಸ್ ಹಾಕುತ್ತಾರೆ. ಜಪಾನಿನ ಅಸಾಹಿ ಮೈನಸ್ 2ರಿಂದ 0 ಡಿಗ್ರಿಯಲ್ಲಿ ಬಿಯರ್ ಕೊಡುವ ವ್ಯವಸ್ಥೆ ಮಾಡಿತು. ಕಿರಿನ್ ಒಂದು ಹೆಜ್ಜೆ ಮುಂದೆ ಹೋಗಿ ಮೈನಸ್ 5 ಡಿಗ್ರಿಯ ಹೆಪ್ಪುಗಟ್ಟಿದ ನೊರೆಯನ್ನು ಮೇಲೆ ಸುತ್ತಿ ಕೊಟ್ಟಿತು. ಅಮೆರಿಕದ ಕೂರ್ಸ್ ಲೈಟ್ ಲೇಬಲ್ಲಿನ ಬೆಟ್ಟಗಳು ಬಿಯರ್ ತಣ್ಣಗಾದರೆ ನೀಲಿಯಾಗುತ್ತವೆ. ರುಚಿಯ ಬಗ್ಗೆ ಹೇಳಲು ಜಾಸ್ತಿ ಇಲ್ಲದಾಗ ತಂಪನ್ನೇ ಮಾರುವುದು ಜಾಣತನ ಅನ್ನೋದು ನನ್ನ ಅಭಿಪ್ರಾಯ.

ಸೆಕೆಯೇ ಎಲ್ಲ ನಿರ್ಧರಿಸುತ್ತದೆ ಅಂತಲೂ ಅಲ್ಲ. ಚೀನಾದಲ್ಲಿ ಬೇಸಿಗೆ ಸುಡುತ್ತದೆ, ಆದರೂ ಎಷ್ಟೋ ಹೋಟೆಲುಗಳಲ್ಲಿ ಕೇಳದಿದ್ದರೆ ಬಿಯರ್ ನಾರ್ಮಲ್ಲೇ ಬರುತ್ತದೆ. ತಣ್ಣಗಿನದ್ದು ಹೊಟ್ಟೆಗೆ ಒಳ್ಳೆಯದಲ್ಲ ಅನ್ನುವ ಅಲ್ಲಿನ ನಂಬಿಕೆ ನಮ್ಮ ಅಜ್ಜಿಯಂದಿರ ಮಾತಿಗಿಂತ ಬೇರೆಯಲ್ಲ. ಪೋಲೆಂಡಿನಲ್ಲಿ ಚಳಿಗಾಲಕ್ಕೆ ಜೇನು, ಲವಂಗ, ಚಕ್ಕೆ ಹಾಕಿ ಬಿಯರನ್ನು ಬಿಸಿ ಮಾಡಿಯೇ ಕುಡಿಯುತ್ತಾರೆ. ಮಡಿಕೇರಿಯ ಜುಲೈ ಮಳೆಯಲ್ಲಿ ಇದನ್ನು ಯಾರಾದರೂ ಮಾಡಿ ನೋಡಬೇಕು.

ಹೆಜ್ಜೆ 4: ತಣ್ಣಗೆ ಮಾಡಿ

ಸಮಯ ಇದ್ದರೆ ಫ್ರಿಡ್ಜ್ ಸಾಕು. ಹಿಂದಿನ ರಾತ್ರಿಯೇ ಇಡಿ, ನೆಟ್ಟಗೆ ನಿಲ್ಲಿಸಿ ಇಡಿ. ಒಳಗಿನ ತಟ್ಟೆಗಳಲ್ಲಿ ಸಾಮಾನ್ಯವಾಗಿ 3–5 ಡಿಗ್ರಿ ಇರುತ್ತದೆ. ಬಾಗಿಲಿನಲ್ಲಿ ಜಾಸ್ತಿ. ಪದೇ ಪದೇ ಬಾಗಿಲು ತೆಗೆಯುವ ಮನೆಯಾದರೆ ಇನ್ನೂ ಜಾಸ್ತಿ.

ಸಮಯ ಇಲ್ಲದಿದ್ದರೆ ಐಸ್ ನೀರು. ಬರೀ ಐಸ್ ಅಲ್ಲ, ಐಸ್ ಮತ್ತು ನೀರು. ಬರೀ ಐಸ್ ತುಂಡುಗಳ ನಡುವೆ ಗಾಳಿ ಇರುತ್ತದೆ, ಬಾಟಲಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ. ನೀರು ಬಾಟಲಿಯನ್ನು ಪೂರ್ತಿ ಅಪ್ಪಿಕೊಳ್ಳುತ್ತದೆ, ಶಾಖವನ್ನೂ ಗಾಳಿಗಿಂತ ಎಷ್ಟೋ ಪಟ್ಟು ವೇಗವಾಗಿ ಎಳೆದುಕೊಳ್ಳುತ್ತದೆ. ಬಕೆಟ್ಟಿಗೆ ಅರ್ಧ ಐಸ್, ಅರ್ಧ ನೀರು, ಮೇಲೆ ಒಂದು ಹಿಡಿ ಕಲ್ಲುಪ್ಪು. ಉಪ್ಪು ಬಿದ್ದರೆ ನೀರು ಸೊನ್ನೆಗಿಂತ ಕೆಳಗೂ ಇಳಿಯುತ್ತದೆ. ಬಾಟಲಿಯ ಕುತ್ತಿಗೆಯವರೆಗೆ ಮುಳುಗಿಸಿ ಆಗಾಗ ಮೆಲ್ಲಗೆ ತಿರುಗಿಸಿ. ಕುಲುಕಬೇಡಿ. ಪಿಂಟ್ ಆದರೆ ಸುಮಾರು ಕಾಲು ಗಂಟೆ, ಫುಲ್ ಬಾಟಲಿ ಆದರೆ ಇನ್ನೊಂದು ಹತ್ತು ನಿಮಿಷ. ಕ್ಯಾನ್ ಎಲ್ಲಕ್ಕಿಂತ ಬೇಗ ಆಗುತ್ತದೆ.

ಫ್ರೀಜರ್ ಬೇಡ. ಇಟ್ಟರೂ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ. 5% ಬಿಯರ್ ಮೈನಸ್ 2–3 ಡಿಗ್ರಿಯಲ್ಲಿ ಹೆಪ್ಪುಗಟ್ಟಲು ಶುರುವಾಗುತ್ತದೆ, ಫ್ರೀಜರ್ ಮೈನಸ್ 18ರಲ್ಲಿರುತ್ತದೆ. ನೀರು ಮಂಜಾದಾಗ 9% ಹಿಗ್ಗುತ್ತದೆ. ಬಾಟಲಿ ಸಿಡಿದರೆ ಮನೆಯಲ್ಲಿ ಬೈಸಿಕೊಳ್ಳಬೇಕಾಗುವುದು ನೀವು, ನಾನಲ್ಲ. ಸಿಡಿಯದಿದ್ದರೂ ಕರಗಿದ ಮೇಲೆ ಆ ಬಿಯರಿನಲ್ಲಿ ಗ್ಯಾಸೂ ಹದವೂ ಮೊದಲಿನಂತೆ ಇರುವುದಿಲ್ಲ.

ಕರೆಂಟೇ ಇಲ್ಲದ ಕಡೆ? ತೋಟದ ಮನೆಯಲ್ಲೋ ಹೊಳೆ ದಂಡೆಯಲ್ಲೋ ಇದ್ದರೆ ಬಾಟಲಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿ ಬೀಸುವಲ್ಲಿ ನೆರಳಿನಲ್ಲಿಡಿ. ಕಲಬುರಗಿ, ರಾಯಚೂರಿನ ಒಣ ಬೇಸಿಗೆಯಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನಲ್ಲಿ ಮಾಡಿದರೆ ಬಟ್ಟೆ ಒದ್ದೆಯಾಗಿಯೇ ಇರುತ್ತದೆ, ಬಿಯರ್ ಬೆಚ್ಚಗೇ ಇರುತ್ತದೆ. ಗಾಳಿಯಲ್ಲಿ ಮೊದಲೇ ತೇವ ತುಂಬಿರುವಾಗ ನೀರು ಆವಿಯಾಗುವುದಾದರೂ ಹೇಗೆ? ಐಸ್ ಸಿಗದ ಕಾಲದಲ್ಲಿ ಭಾರತದಲ್ಲಿದ್ದ ಬ್ರಿಟಿಷರ ಮನೆಗಳಲ್ಲಿ ಪೆಟ್ಲುಪ್ಪನ್ನು ನೀರಿಗೆ ಹಾಕಿ, ಅದರಲ್ಲಿ ಬಾಟಲಿ ತಿರುಗಿಸಿ ತಣ್ಣಗೆ ಮಾಡುತ್ತಿದ್ದರು. ಪೆಟ್ಲುಪ್ಪು ಕರಗುವಾಗ ನೀರಿನ ಶಾಖ ಹೀರಿಕೊಳ್ಳುತ್ತದೆ. ಈ ಕೆಲಸಕ್ಕೇ ಆಬ್ದಾರ್ ಎಂಬ ಆಳು ಇರುತ್ತಿದ್ದ. 1833ರಲ್ಲಿ ಬಾಸ್ಟನ್ನಿನ ಫ್ರೆಡರಿಕ್ ಟ್ಯೂಡರ್ ಹಡಗಿನಲ್ಲಿ ಕಲ್ಕತ್ತಕ್ಕೆ ಮಂಜುಗಡ್ಡೆಯನ್ನೇ ತಂದಿಳಿಸಿದ. ಆಮೇಲೆ ಮದರಾಸಿಗೂ ಬಂತು. ಅಲ್ಲಿ ಕಡಲ ದಂಡೆಯ ಐಸ್ ಹೌಸ್ ಕಟ್ಟಡ ಈಗಲೂ ಇದೆ.

ಹೆಜ್ಜೆ 5: ಲೋಟ ನೋಡಿಕೊಳ್ಳಿ, ಸುರಿಯುವುದನ್ನೂ

ದಪ್ಪ ಗಾಜಿನ ಮಗ್ಗು ರೂಮಿನ ಬಿಸಿಯಲ್ಲಿದ್ದರೆ ಬಿಯರ್ ಬಿದ್ದ ತಕ್ಷಣ 2–3 ಡಿಗ್ರಿ ಏರಿಬಿಡುತ್ತದೆ. ಲಾಗರ್ ಕುಡಿಯುವುದಾದರೆ ಲೋಟವನ್ನು ತಣ್ಣೀರಲ್ಲಿ ಜಾಲಿಸಿ ಸುರಿಯಿರಿ. ಫ್ರೀಜರಿನಲ್ಲಿಟ್ಟು ಮಂಜು ಹತ್ತಿಸಿದ ಮಗ್ಗು ನೋಡಲು ಚೆಂದ. ಆದರೆ ಆ ಮಂಜಿನ ಹರಳುಗಳ ಮೇಲೆ ಗ್ಯಾಸ್ ಗುಳ್ಳೆಗಟ್ಟಿ ನೊರೆ ವಿಪರೀತ ಬರುತ್ತದೆ. ಹರಳು ಕರಗಿ ಬಿಯರ್ ನೀರೂ ಆಗುತ್ತದೆ. ಫ್ರೀಜರಿನಲ್ಲಿದ್ದ ಮೀನಿನ ವಾಸನೆ ಲೋಟಕ್ಕೆ ಹತ್ತಿದ್ದರೆ ಅದೂ ಉಚಿತ.

ಲೋಟಕ್ಕೆ ಎಣ್ಣೆ ಪಸೆ ಇರಬಾರದು, ನೊರೆ ನಿಲ್ಲುವುದಿಲ್ಲ. ಒಳಗೋಡೆಗೆ ಗುಳ್ಳೆಗಳು ಅಂಟಿಕೊಂಡು ನಿಂತಿದ್ದರೆ ಅಲ್ಲಿ ಕೊಳೆ ಇದೆ ಅಂತ ಅರ್ಥ. ಓರೆ ಹಿಡಿದು ಸುರಿಯಲು ಶುರು ಮಾಡಿ, ಕೊನೆಗೆ ನೆಟ್ಟಗೆ ಮಾಡಿ, ಎರಡು ಬೆರಳು ನೊರೆ ಬರಲಿ. ನೊರೆಯೂ ಒಂದು ಹೊದಿಕೆ, ಅದರಡಿ ಬಿಯರ್ ಸ್ವಲ್ಪ ಜಾಸ್ತಿ ಹೊತ್ತು ತಣ್ಣಗಿರುತ್ತದೆ. ನಮ್ಮಲ್ಲಿ ನೊರೆ ಬಂದರೆ ಮೋಸ ಅನ್ನುವ ಭಾವನೆ ಇದೆ, ಅಲ್ವಾ? ಬಾಟಲಿ ನಿಮ್ಮದೇ ಆಗಿರುವಾಗ ನೊರೆಯೂ ನಿಮ್ಮದೇ.

ಹೆಜ್ಜೆ 6: ನಿಮ್ಮ ಡಿಗ್ರಿ ಹುಡುಕಿ

ಇದೇ ಮುಖ್ಯ ಹೆಜ್ಜೆ. ಇದಕ್ಕೆ ಒಬ್ಬರಿಗಿಂತ ಮೂರು ನಾಲ್ಕು ಜನ ಇದ್ದರೆ ಒಳ್ಳೆಯದು. ಒಬ್ಬೊಬ್ಬರಿಗೆ ನಾಲ್ಕು ಗುಟುಕು ಸಾಕು, ಬಾಟಲಿ ಖಾಲಿ ಮಾಡುವ ಸ್ಪರ್ಧೆ ಅಲ್ಲ ಇದು.

ಒಂದೇ ಬಿಯರಿನ ಮೂರು ಪಿಂಟ್ ತೆಗೆದುಕೊಳ್ಳಿ. ಸಾಧ್ಯವಾದರೆ ಒಂದೇ ತಿಂಗಳಲ್ಲಿ ತುಂಬಿದ್ದು ಇರಲಿ, ಇಲ್ಲದಿದ್ದರೆ ಹಳೆ ಬಿಯರಿನ ರುಚಿಯನ್ನು ಡಿಗ್ರಿಯ ತಲೆಗೆ ಕಟ್ಟುತ್ತೀರಿ. ಮೂರನ್ನೂ ಫ್ರಿಡ್ಜಿನಲ್ಲಿಡಿ. ಒಂದನ್ನು ಕುಡಿಯುವ ಸುಮಾರು ಅರ್ಧ ಗಂಟೆ ಮೊದಲು ಹೊರಗೆ ತೆಗೆಯಿರಿ, ಇನ್ನೊಂದನ್ನು ಕಾಲು ಗಂಟೆ ಮೊದಲು. ಮೂರನೆಯದನ್ನು ಕಾಲು ಗಂಟೆ ಐಸ್ ನೀರಿಗೆ ಹಾಕಿ. 28 ಡಿಗ್ರಿಯ ಕೋಣೆಯಲ್ಲಿ ಪಿಂಟ್ ಹೆಚ್ಚೂಕಡಿಮೆ ಮೂರು ನಿಮಿಷಕ್ಕೆ ಒಂದು ಡಿಗ್ರಿ ಏರುತ್ತದೆ. ಬೆಂಗಳೂರಿನ ಡಿಸೆಂಬರ್ ಸಂಜೆಯಾದರೆ ನಿಧಾನ. ಅಂದಾಜು ಬೇಡ, ಸುರಿದು ಥರ್ಮಾಮೀಟರ್ ಇಳಿಸಿ ನೋಡಿ. ಸುಮಾರು 3, 8, 13 ಡಿಗ್ರಿಯ ಮೂರು ಲೋಟ ನಿಮಗೆ ಬೇಕು.

ಮೊದಲು ಬೆಚ್ಚಗಿನದ್ದನ್ನು ಕುಡಿಯಿರಿ, ಕೊನೆಗೆ ತಣ್ಣಗಿನದ್ದು. ತಣ್ಣಗಿನದ್ದರಿಂದ ಶುರು ಮಾಡಿದರೆ ನಾಲಿಗೆ ಮರಗಟ್ಟಿ ಮುಂದಿನ ಎರಡರ ರುಚಿ ಸರಿಯಾಗಿ ಸಿಗುವುದಿಲ್ಲ. ಪ್ರತಿ ಲೋಟಕ್ಕೆ ಮೊದಲು ಮೂಗು, ಆಮೇಲೆ ಬಾಯಿ. ಮೂರು ವಿಷಯ ಬರೆದುಕೊಳ್ಳಿ: ವಾಸನೆ ಬಂತಾ, ಸಿಹಿ ಜಾಸ್ತಿಯಾ ಕಹಿ ಜಾಸ್ತಿಯಾ, ಇನ್ನೊಂದು ಗುಟುಕು ಬೇಕು ಅನಿಸಿತಾ. ಮೂರನೆಯದೇ ತೀರ್ಪು.

ತಿನ್ನಲು ಖಾರ ಇಡಬೇಡಿ, ಕೊನೇಪಕ್ಷ ಮೊದಲ ಸುತ್ತಿಗೆ. ಮಂಡಕ್ಕಿ, ಹುರಿಗಡಲೆ ಸಾಕು. ಎರಡನೇ ಸುತ್ತಿಗೆ ಬೇಕಾದರೆ ಕಾಂಗ್ರೆಸ್ ಕಡ್ಲೆಕಾಯಿ, ಕಬಾಬ್, ಪೆಪ್ಪರ್ ಚಿಕನ್ ತನ್ನಿ. ಆಗ ಗಮನಿಸಿ, ನಿಮ್ಮ ಇಷ್ಟದ ಡಿಗ್ರಿ ಕೆಳಗೆ ಜಾರಿರುತ್ತದೆ. ಮೆಣಸಿನ ಖಾರ ಬಾಯಿಯಲ್ಲಿ ಎಬ್ಬಿಸುವುದು ಬಿಸಿಯನ್ನು ಅರಿಯುವ ನರಗಳನ್ನೇ. ತಣ್ಣಗಿನದ್ದು ಅದನ್ನು ಆ ಕ್ಷಣಕ್ಕೆ ಆರಿಸುತ್ತದೆ, ಬೆಚ್ಚಗಿನ ಬಿಯರ್ ಇನ್ನೂ ಉರಿಸುತ್ತದೆ. ನಮ್ಮ ಬಾರುಗಳಲ್ಲಿ ಚಿಲ್ಡ್ ಗೆದ್ದಿರುವುದಕ್ಕೆ ಬಿಸಿಲಿನಷ್ಟೇ ಸೈಡ್ಸ್ ಕೂಡ ಕಾರಣ ಅಂತ ನನಗೆ ಅನಿಸುವುದು ಇದಕ್ಕೇ. ಕುಂದಾಪುರದ ಕೋಳಿ ಸುಕ್ಕದ ಜೊತೆ 12 ಡಿಗ್ರಿಯ ಏಲ್ ಕುಡಿಯಿರಿ ಅಂತ ಯಾವ ಪಂಡಿತ ಹೇಳಿದರೂ ಕೇಳಬೇಡಿ.

ಹಗುರ ಲಾಗರಿನಲ್ಲಿ ಸಾಮಾನ್ಯವಾಗಿ 3 ಗೆಲ್ಲುತ್ತದೆ. ಇದೇ ಆಟವನ್ನು ಒಂದು ಸ್ಟೌಟಿನ ಮೇಲೆ ಆಡಿ. ಅಲ್ಲಿ ಗುಂಪು ಒಡೆಯುತ್ತದೆ, ಮಜಾ ಶುರುವಾಗುತ್ತದೆ.

ಹೆಜ್ಜೆ 7: ಆ ಡಿಗ್ರಿ ಕೊನೆಯವರೆಗೂ ನಿಲ್ಲುವಂತೆ ಮಾಡಿ

ಬಾಟಲಿಯ ಮೇಲೆ ನೀರು ಹನಿಯುವುದು ತಂಪಿನ ಗುರುತು ಅಂದುಕೊಳ್ಳುತ್ತೇವೆ. ನಿಜವಾಗಿ ಬಿಯರನ್ನು ಬಿಸಿ ಮಾಡುತ್ತಿರುವುದೇ ಆ ಹನಿಗಳು. ಗಾಳಿಯಲ್ಲಿರುವ ಆವಿ ನೀರಾಗುವಾಗ ತನ್ನ ಶಾಖವನ್ನು ಬಾಟಲಿಗೆ ಬಿಟ್ಟುಕೊಡುತ್ತದೆ. ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹವಾಮಾನ ವಿಜ್ಞಾನಿಗಳಾದ ಡೇಲ್ ಡುರಾನ್ ಮತ್ತು ಡಾರ್ಗನ್ ಫ್ರಿಯರ್ಸನ್ 2013ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದರು. ಕ್ಯಾನಿನ ಮೇಲೆ ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟು ತೆಳುವಾಗಿ ನೀರು ಕೂತರೂ ಸಾಕು, ಒಳಗಿನ ಬಿಯರ್ 5 ಡಿಗ್ರಿ ಏರಬಹುದು. ಹಾಗಾಗಿ ಕರಾವಳಿಯಲ್ಲಿ ಕುಡಿಯುವವರಿಗೆ ಬಾಟಲಿಯ ಅಂಗಿ ಶೋಕಿ ಅಲ್ಲ. ಹಳೆ ಕಾಲುಚೀಲವೂ ಆಗುತ್ತದೆ, ಒಗೆದದ್ದಾದರೆ.

ಫುಲ್ ಬಾಟಲಿ ತಂದು ಒಬ್ಬರೇ ಕೂರುವುದಾದರೆ ಸಣ್ಣ ಲೋಟಕ್ಕೆ ಸ್ವಲ್ಪ ಸ್ವಲ್ಪ ಸುರಿದು ಬಾಟಲಿಯನ್ನು ಐಸ್ ನೀರಿಗೆ ವಾಪಸ್ ಇಡಿ. ಗಾಢ ಬಿಯರಾದರೆ ಉಲ್ಟಾ ಮಾಡಿ. ತುಸು ತಣ್ಣಗೆ ಶುರು ಮಾಡಿ, ಅಂಗೈಯಲ್ಲಿ ಹಿಡಿದು, ನಿಧಾನಕ್ಕೆ ಏರಲು ಬಿಡಿ. ಬ್ರೂಪಬ್ಬಿನಲ್ಲಿ ಸ್ಟೌಟ್ ಬಂದ ತಕ್ಷಣ ಮುಟ್ಟದೆ ಹತ್ತು ನಿಮಿಷ ಹರಟೆ ಹೊಡೆಯಿರಿ. ಏರಿದ್ದನ್ನು ಟೇಬಲ್ ಮೇಲೆ ಇಳಿಸುವುದು ಕಷ್ಟ, ಇಳಿದದ್ದು ತಾನೇ ಏರುತ್ತದೆ.

ಹೆಜ್ಜೆ 8: ನಾಲ್ಕು ಜನ ನಾಲ್ಕು ಥರ ಕೇಳಿದಾಗ

ಮನೆಗೆ ಬಂದ ಗೆಳೆಯರಿಗೆ ನಿಮ್ಮ ಹೊಸ ಜ್ಞಾನ ಬಡಿಸಬೇಡಿ, ಬಿಯರ್ ಬಡಿಸಿ. ಎಲ್ಲವನ್ನೂ ತಣ್ಣಗೆ ಇಡಿ, ಎರಡು ಮೂರು ಬಾಟಲಿ ಮಾತ್ರ ಹೊರಗಿರಲಿ. ಕೂಲಿಂಗ್ ಕಮ್ಮಿ ಬೇಕು ಅನ್ನುವವರಿಗೆ ಎರಡನ್ನೂ ಬೆರೆಸಿ ಕೊಡಬಹುದು. 4 ಡಿಗ್ರಿಯದ್ದು ಎರಡು ಪಾಲು, 28 ಡಿಗ್ರಿಯದ್ದು ಒಂದು ಪಾಲು ಸೇರಿದರೆ 12 ಡಿಗ್ರಿ. ನಾರ್ಮಲ್ ಬಾಟಲಿಯ ಪಾಲನ್ನು ಮೊದಲು ಸುರಿದು ನೊರೆ ಇಳಿಯಲು ಬಿಡಿ, ಇಲ್ಲದಿದ್ದರೆ ಉಕ್ಕುತ್ತದೆ.

ಲೋಟಕ್ಕೆ ಐಸ್ ಹಾಕಿ ಅಂದರೆ ಹಾಕಿ ಕೊಡಿ. ಹಗುರ ಲಾಗರಿಗೆ ಅದರಿಂದ ದೊಡ್ಡ ನಷ್ಟ ಏನಿಲ್ಲ. ಸ್ಟ್ರಾಂಗ್ ಆದರೆ ನೀರು ಬೆರೆತು ಒಳ್ಳೆಯದೇ ಆಯಿತು.

ಒಂದು ಅನುಮಾನ ಮಾತ್ರ ಪ್ರತಿ ಸಲ ಬರುತ್ತದೆ: ಒಮ್ಮೆ ತಣ್ಣಗಾದ ಬಿಯರ್ ಬೆಚ್ಚಗಾಗಿ ಮತ್ತೆ ತಣ್ಣಗಾದರೆ ಕೆಡುತ್ತದಾ? ಒಂದೆರಡು ಸಲಕ್ಕೆ ಏನೂ ಆಗುವುದಿಲ್ಲ. ಬಿಯರಿಗೆ ನಿಜವಾದ ಶತ್ರು ಬೆಳಕು ಮತ್ತು ದೀರ್ಘ ಕಾಲದ ಬಿಸಿ. ಬಿಸಿಲು ಬಿದ್ದರೆ ಹಾಪ್ಸ್‌ನ ಕಹಿ ಅಂಶ ಒಡೆದು ಗಬ್ಬು ವಾಸನೆ ಬರುತ್ತದೆ. ಹಸಿರು ಮತ್ತು ಬಿಳಿ ಬಾಟಲಿಯಲ್ಲಿ ಬೇಗ, ಕಂದು ಬಾಟಲಿಯಲ್ಲಿ ನಿಧಾನ, ಕ್ಯಾನಿನಲ್ಲಿ ಇಲ್ಲವೇ ಇಲ್ಲ. ಬಿಸಿಯ ಬಗ್ಗೆ ಬ್ರೂವರಿಗಳಲ್ಲಿ 3-30-300 ಅನ್ನುವ ಲೆಕ್ಕ ಇದೆ. ಸುಮಾರು 32 ಡಿಗ್ರಿಯಲ್ಲಿ 3 ದಿನ, 22 ಡಿಗ್ರಿಯಲ್ಲಿ 30 ದಿನ, 3 ಡಿಗ್ರಿಯಲ್ಲಿ 300 ದಿನ, ಮೂರೂ ಬಿಯರನ್ನು ಒಂದೇ ಮಟ್ಟಕ್ಕೆ ಹಳತು ಮಾಡುತ್ತವಂತೆ. ಹಾಗಾಗಿ ಅಂಗಡಿಯ ಕಿಟಕಿಯಲ್ಲಿ ಬಿಸಿಲಿಗೆ ಸಾಲಾಗಿ ಜೋಡಿಸಿಟ್ಟ ಬಾಟಲಿ ಬೇಡ ಅನ್ನಿ. ಒಳಗಿನ ಕೇಸಿನಿಂದ ತೆಗೆದುಕೊಡಲು ಹೇಳಿ. ಏಪ್ರಿಲ್ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ದಿನಗಟ್ಟಲೆ ಬಿಡಬೇಡಿ.

ರಾತ್ರಿ ಕೊನೆಗೆ ಅರ್ಧ ಬಾಟಲಿ ಉಳಿದರೆ ಮುಚ್ಚಳ ಹಾಕಿ ಫ್ರಿಡ್ಜಿಗಿಟ್ಟು ನಾಳೆ ಕುಡಿಯುವ ಯೋಚನೆ ಬಿಡಿ, ಎಷ್ಟು ತಣ್ಣಗೆ ಮಾಡಿದರೂ ಹೋದ ಗ್ಯಾಸ್ ವಾಪಸ್ ಬರುವುದಿಲ್ಲ. ಇನ್ನೂ ಸ್ವಲ್ಪ ಗುಳ್ಳೆ ಏಳುತ್ತಿದ್ದರೆ ಅದೇ ತಣ್ಣನೆಯ ಬಿಯರಿನಲ್ಲಿ ಮೈದಾ, ಅಕ್ಕಿಹಿಟ್ಟು, ಉಪ್ಪು ಕಲಸಿ ಈರುಳ್ಳಿಯೋ ಮೀನೋ ಅದ್ದಿ ಕರಿಯಿರಿ. ಹಿಟ್ಟು ತಣ್ಣಗಿದ್ದಷ್ಟೂ ಗರಿಗರಿ ಬರುತ್ತದೆ.